ಅವ್ವನ ಕಾಲು ನೆಲ ಕಾಣಲಿಲ್ಲ

ಜೂನ್ ೯

ಪ್ರೀತಿಯ ಅಕ್ಕ,

ಇಲ್ಲಿ ಎಲ್ಲ ಕ್ಷೇಮ, ನನ್ನ ತಲೆಗೂದಲೊಂದನ್ನು ಬಿಟ್ಟು. ಅದರ ಕಥೆ ಆಮೇಲೆ ಹೇಳುತ್ತೇನೆ. ಫೋನ್ ಮಾಡೋಣವೆಂದರೆ ಅಮ್ಮ ಎರಡನೇ ಮಾತಿಗೇ ಕೈಯಿಂದ ಕಿತ್ತುಕೊಂಡು ನಿನ್ನ ಮಂಡಿನೋವಿನ ವಿಚಾರಣೆ ಶುರುಮಾಡುತ್ತಾಳೆ. ಹಾಗಾಗಿ ನಮಗೆ ಕಾಗದವೇ ಸರಿ.

ಇದರ ಜೊತೆ ನಮ್ಮೂರ ಬಗೆಗಿನ ನನ್ನ ಪುಸ್ತಕದ ಕೊನೆಯ ಹಾಳೆಗಳನ್ನು ಕಳಿಸಿದ್ದೇನೆ. ನಿಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು ನೀನೇ ಆದ್ದರಿಂದ ನಿನಗೇ ಮೊದಲು ಹೇಳಿಬಿಡುತ್ತೇನೆ: ಹಿಂದೆ ಕಳಿಸಿದ್ದ ಒಂಬತ್ತನೇ ಅಧ್ಯಾಯವನ್ನು ತೆಗೆದುಬಿಡು. ಹೊರೆಯಣ್ಣ ತಾಯಿಯನ್ನು ಹೊತ್ತು ಗುಡ್ಡ ದಾಟಿದ ಅಧ್ಯಾಯ.

ಕೂಗಾಡಬೇಡ, ಕಾರಣ ಕೇಳು. ನನ್ನ ಕೆಲಸದ ರೀತಿ ನಿನಗೆ ಗೊತ್ತು. ಹೊರೆಯಣ್ಣನ ಹಾಡು ಏನು ಹೇಳುತ್ತದೋ ಅದನ್ನು ಕಾಲಲ್ಲಿ ನಡೆದು ನೋಡದೆ ನಾನು ಬರೆಯುವವನಲ್ಲ. ಕೋಟೆಯ ದೊರೆಗೆ ತೆರಿಗೆಯ ಧಾನ್ಯ ಹೊರುತ್ತಿದ್ದ ಕೂಲಿಯೊಬ್ಬ ಒಂದು ದಿನ ಮೂಟೆಯನ್ನು ಹೆಬ್ಬಾಗಿಲಲ್ಲೇ ಕೆಡವಿ, ‘ಇನ್ನು ಹೊರೋದಾದ್ರೆ ನನ್ನವ್ವನ್ನ ಹೊರ್ತೀನಿ’ ಎಂದು ತಾಯಿಯನ್ನು ಬೆನ್ನಿಗೇರಿಸಿಕೊಂಡು ಗುಡ್ಡದ ಈಚೆಗೆ ಬಂದ. ಆಮೇಲೆ ಉಳಿದ ಕೂಲಿಗಳೂ ಒಬ್ಬೊಬ್ಬರಾಗಿ ಬಂದರು. ಹಾಗೆ ನಮ್ಮ ಊರು ಹುಟ್ಟಿತು. ಇಷ್ಟು ನನ್ನ ಒಂದನೇ ತರಗತಿಯ ಮಕ್ಕಳಿಗೂ ಬಾಯಿಪಾಠ. ಹಾಡಿನಲ್ಲಿರುವ ಹೆಬ್ಬಾಗಿಲು ಸಿಕ್ಕಿತು, ಸುತ್ತುದಾರಿ ಸಿಕ್ಕಿತು, ಬಂಡೆಯ ಕೆಳಗಿನ ಒರತೆ ಸಿಕ್ಕಿತು. ಎಲ್ಲ ತಾಳೆಯಾಯಿತು. ಹಾಡು ಮೊದಲು ಕಟ್ಟಿದವರು ಯಾರೆಂಬುದು ಸಿಕ್ಕಿಲ್ಲ, ಅದು ನನ್ನ ಹಣೆಬರಹ. ಆದರೆ ಪಲ್ಲವಿ ಇದೆಯಲ್ಲ, ‘ಅವ್ವನ ಕಾಲು ನೆಲ ಕಾಣಲಿಲ್ಲ’ ಅಂತ, ಅದು ಮಾತ್ರ ತಾಳೆಯಾಗಲಿಲ್ಲ.

ಕೋಟೆಯ ಕಡೆಯಿಂದ ಒಬ್ಬ ಹೆಂಗಸಿನ ತೂಕದ ಮರಳು ಮೂಟೆಯೊಂದನ್ನು ಹೊರಿಸಿ ನೋಡಿದೆ. ಹೊತ್ತವರು ಡ್ರಿಲ್ ಮೇಷ್ಟ್ರು. ಶಾಲೆಯ ಕಬ್ಬಿಣದ ಬೀರುವನ್ನು ಒಬ್ಬರೇ ಮಹಡಿಗೆ ಸಾಗಿಸಿದ ಆಸಾಮಿ. ಒರತೆ ಇನ್ನೂ ಕಾಣುವ ಮೊದಲೇ ಮೂಟೆಯ ಪಕ್ಕ ತಾವೂ ಮೂಟೆಯ ಹಾಗೆ ಕೂತುಬಿಟ್ಟರು. “ಸರ್, ನಿಮ್ಮ ಹೊರೆಯಣ್ಣ ಎಲ್ಲಾದ್ರೂ ಸಿಕ್ಕಿದ್ರೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ” ಎಂದರು.

ವಾಚನಾಲಯದಲ್ಲಿ ನನ್ನ ಭಾಷಣವಿತ್ತು. ಇದ್ದದ್ದನ್ನು ಇದ್ದಹಾಗೆ ಹೇಳಿದೆ: ಇಳಿಸದೆ ಗುಡ್ಡ ದಾಟಲು ಆಗುವುದಿಲ್ಲ, ಆ ಸಾಲು ಕಟ್ಟುಕಥೆ. ಮುಂದಿನ ಬೆಂಚಿನಲ್ಲಿ ಕತ್ತರಿ ಕೂತಿದ್ದ. ನಿನಗೆ ನೆನಪಿರಬೇಕು, ಶಾಲೆಯ ಎದುರಿನ ಕ್ಷೌರದ ಅಂಗಡಿಯವನು. ನಾನು ಈ ಶಾಲೆಗೆ ಬಂದ ವಾರದಿಂದ ನನ್ನ ಗೆಳೆಯ. ಆ ಹಾಡನ್ನು ಮೊದಲಿಂದ ಕೊನೆಯವರೆಗೆ ಬಲ್ಲವನು ಈಗ ಅವನೊಬ್ಬನೇ, ನನಗೆ ಕಲಿಸಿದವನೂ ಅವನೇ. ಎದ್ದು ನಿಂತು, “ಮೇಷ್ಟ್ರೇ, ಆ ಸಾಲು ತೆಗೆದ್ರೆ ಹಾಡಲ್ಲಿ ಉಳಿಯೋದೇನು? ಮೂಟೆ ಕೆಡವಿದ್ದು. ಮೂಟೆ ಯಾರು ಬೇಕಾದ್ರೂ ಕೆಡವ್ತಾರೆ” ಎಂದವನೇ ಹೊರಟುಹೋದ.

ಭಾನುವಾರ ಕೂದಲು ಕತ್ತರಿಸಿಕೊಳ್ಳಲು ಹೋದೆ. ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಖಾಲಿ ಕುರ್ಚಿಯನ್ನು ಬಟ್ಟೆಯಿಂದ ಒರೆಸುತ್ತಾ, “ಸೀಟು ಖಾಲಿ ಇಲ್ಲ” ಎಂದ.

ಬೇಜಾರಾಗಿದೆ ಅಕ್ಕ. ಆದರೆ ಸುಳ್ಳೆಂದು ಗೊತ್ತಿದ್ದೂ ಅಚ್ಚು ಹಾಕಿಸಲಾರೆ.

ನಿನ್ನ ತಮ್ಮ

*

ಜೂನ್ ೧೯

ಪುಟ್ಟಾ,

ನಿನ್ನ ಕಾಗದವನ್ನು ಪ್ರೆಸ್ಸಿನಲ್ಲೇ ಓದಿದೆ. ಡ್ರಿಲ್ ಮೇಷ್ಟ್ರು ಕೂತ ಜಾಗಕ್ಕೆ ಬಂದಾಗ ನಾನು ನಕ್ಕ ಸದ್ದಿಗೆ ಮಷೀನಿನವನು ಮಷೀನು ನಿಲ್ಲಿಸಿ, ಏನಾಯ್ತು ಎಂದು ಓಡಿಬಂದ. ಇಡೀ ದಿನ ಅವನಿಗೆ ನಿನ್ನ ಹೊರೆಯಣ್ಣನ ಕಥೆ ಹೇಳುವುದೇ ಆಯಿತು.

ನಾನು ಕರಡು ತಿದ್ದುವವಳು, ಕಥೆ ತಿದ್ದುವವಳಲ್ಲ. ನೀನು ತೆಗೆ ಎಂದರೆ ತೆಗೆಯಬೇಕು. ಆದರೆ ಒಂದು ಮಾತು. ನಿನ್ನ ಪುಸ್ತಕದಲ್ಲಿ ನನ್ನ ಕಣ್ಣು ಒದ್ದೆಯಾದದ್ದು ಒಂಬತ್ತರಲ್ಲಿ ಮಾತ್ರ. ಹೆಬ್ಬಾಗಿಲಿನ ಅಗಲ ಓದಿ ಯಾರೂ ಅಳುವುದಿಲ್ಲ. ಅದಕ್ಕೇ ಆ ಹಾಳೆಗಳನ್ನು ಎಸೆಯದೆ ನನ್ನ ಮೇಜಿನ ಖಾನೆಯಲ್ಲಿ ಎತ್ತಿಟ್ಟಿದ್ದೇನೆ. ಶಾಲೆಯ ನೂರನೇ ವರ್ಷದ ಸಮಾರಂಭಕ್ಕೆ ಪುಸ್ತಕ ಬೇಕೆಂದರೆ ಸೆಪ್ಟೆಂಬರ್ ಮಧ್ಯದೊಳಗೆ ನಿನ್ನ ಕೊನೆಯ ಮಾತು ನನಗೆ ತಲುಪಬೇಕು. ಅಲ್ಲಿಯವರೆಗೆ ಯೋಚಿಸು.

ಹೊರುವುದರ ಬಗ್ಗೆ ನನಗೇ ಪಾಠ ಹೇಳಬೇಡ. ಸೇತುವೆಯ ಆಚೆಯ ಶಾಲೆಗೆ ದಿನಾ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದವಳು ನಾನು. ನೀನು ಮರಳು ಮೂಟೆಗಿಂತ ಭಾರವಿದ್ದೆ, ಮೇಲೆ ಒದೆಯುತ್ತಲೂ ಇದ್ದೆ. ಒಂದು ದಿನವೂ ನೆಲಕ್ಕೆ ಬಿಟ್ಟವಳಲ್ಲ.

ಅಂದಹಾಗೆ ಒಬ್ಬ ತಾಯಿಯ ವಿಷಯ ಬರೆಯುವವನು ಮನೆಯಲ್ಲಿರುವ ತಾಯಿಯನ್ನು ಒಂದು ಮಾತು ಕೇಳಿದೆಯಾ?

ನಿನ್ನ ಅಕ್ಕ

*

ಜುಲೈ ೮

ಅಕ್ಕ,

ನಿನ್ನ ಮಾತು ಕೇಳಿ ಕೆಟ್ಟೆ. ಅಮ್ಮನನ್ನು ಕೇಳಿದೆ.

ಅವಳು ಮಹಡಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು, “ಮರಳು ಮೂಟೆ ಕತ್ತು ಹಿಡ್ಕೊಳ್ಳುತ್ತೇನೋ?” ಎಂದಳು. ನನಗೆ ಅರ್ಥವಾಗಲಿಲ್ಲ. “ಕೂಸುಮರಿ ಹೊತ್ತಾಗ ಮಗು ಕತ್ತು ತಬ್ಬಿಕೊಳ್ಳುತ್ತೆ, ನೀನು ಆ ಕಡೆ ವಾಲಿದ್ರೆ ಈ ಕಡೆ ವಾಲುತ್ತೆ. ಮೂಟೆ ವಾಲುತ್ತಾ? ಅದಕ್ಕೇನು ಜೀವ ಇದ್ಯಾ? ತಾಯಿ ಬದುಕಿರೋವಾಗ ಮರಳು ಹೊರಿಸ್ತೀಯಲ್ಲ, ನಿನಗೆ ನಾಚಿಕೆ ಆಗಲ್ವಾ?” ಎಂದು ಕೇಳಿದಳು. ನಾನು ಕೆಳಗಿಳಿದು ಬಂದೆ. ಅವಳು ಸುಮ್ಮನಾಗಲಿಲ್ಲ. ಊಟಕ್ಕೆ ಕೂತಾಗ, “ನನ್ನನ್ನೇ ಹೊತ್ತು ನೋಡು” ಎಂದಳು. ಎಂಬತ್ತು ದಾಟಿದವಳು ಹೇಳುವ ಮಾತಾ ಇದು? ಆಗುವುದಿಲ್ಲ ಎಂದೆ. ಅಂದಿನಿಂದ ಮುಖ ಊದಿಸಿಕೊಂಡಿದ್ದಾಳೆ. ಸಂಜೆ ಹೊತ್ತು ಮಹಡಿಯ ಮೇಲೆ ಸುತ್ತು ಹಾಕುತ್ತಾಳೆ. ಹೊರಿಸಿಕೊಳ್ಳುವವಳಿಗೆ ನಡಿಗೆಯ ಅಭ್ಯಾಸ ಯಾಕೆಂದು ಕೇಳುವ ಧೈರ್ಯ ನನಗಿಲ್ಲ.

ನನ್ನ ಕೂದಲು ಕಿವಿ ಮುಚ್ಚಿದೆ. ಮುಖ್ಯೋಪಾಧ್ಯಾಯಿನಿ, “ಯಾವ ನಾಟಕ ಸರ್, ಏನು ಪಾರ್ಟು?” ಎಂದು ಕೇಳಿದರು. ನಾಲ್ಕನೇ ತರಗತಿಯವರು ಕಪ್ಪುಹಲಗೆಯ ಮೇಲೆ ಪೊರಕೆಗೆ ಕನ್ನಡಕ ಹಾಕಿ ಬಿಡಿಸಿದ್ದರು. ಚೆನ್ನಾಗಿತ್ತು, ಅಳಿಸಲು ಮನಸ್ಸು ಬರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಇನ್ನೊಂದು ಸಲೂನಿದೆ. ಬಾಗಿಲ ತನಕ ಹೋಗಿ ವಾಪಸು ಬಂದೆ. ಅಲ್ಲಿ ಕೂತರೆ ಕತ್ತರಿಯ ಜೊತೆ ಎಲ್ಲ ಮುಗಿದ ಹಾಗೆ ಅನ್ನಿಸಿತು.

ಅವನು ಕೆಲಸ ಮಾಡುವಾಗ ಹಾಡುತ್ತಿದ್ದ, ನನ್ನ ತರಗತಿಗೆ ಕೇಳಿಸುತ್ತಿತ್ತು. ಈಗ ರೇಡಿಯೋ ಹಾಕುತ್ತಾನೆ.

ನಿನ್ನ ತಮ್ಮ

*

ಜುಲೈ ೧೬ (ಕಾರ್ಡು)

ಪುಟ್ಟಾ, ಇದನ್ನು ಅಮ್ಮನಿಗೆ ಓದಿ ಹೇಳು. ಬೇಡ. ಬೇಡವೇ ಬೇಡ. ಅವಳ ಮೂಳೆ, ನಿನ್ನ ಬೆನ್ನು ಎರಡೂ ಹೊಸದಾಗಿ ಸಿಗುವುದಿಲ್ಲ. ನಿವೃತ್ತಿಗೆ ಹತ್ತಿರ ಬಂದವನು ಗುಡ್ಡದ ಮೇಲೆ ಕೂಸುಮರಿ ಆಡುತ್ತೇನೆಂದರೆ ಕೇಳಿದವರು ಏನೆಂದಾರು?

ಹೋಗುವುದೇ ಆದರೆ ಊರುಗೋಲು ಮರೆಯಬೇಡಿ. ಬಿಸಿಲೇರುವ ಮುಂಚೆ ಹೊರಡಿ.

ಅಕ್ಕ

*

ಆಗಸ್ಟ್ ೨೧

ಪ್ರೀತಿಯ ಅಕ್ಕ,

ಇಷ್ಟು ದಿನ ಬರೆಯಲಿಲ್ಲವೆಂದು ಕೋಪಿಸಿಕೊಂಡಿರುತ್ತೀ. ನಿನ್ನ ಕಾರ್ಡನ್ನು ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ಕೊನೆಯ ಎರಡು ವಾಕ್ಯ ಮಾತ್ರ ಕೇಳಿಸಿತು.

ಹೋದೆವು. ರಜೆಯ ದಿನ ಮೊದಲ ಬಸ್ಸಿನಲ್ಲಿ ಗುಡ್ಡ ಸುತ್ತಿ ಕೋಟೆಯ ಕಡೆ ಇಳಿದೆವು. ಚೀಲದಲ್ಲಿ ಬ್ರೆಡ್ಡು, ಫ್ಲಾಸ್ಕಿನಲ್ಲಿ ಚಹಾ, ಅಮ್ಮನ ಕೈಯಲ್ಲಿ ಊರುಗೋಲು. ಮುರಿದ ಹೆಬ್ಬಾಗಿಲ ಕಟ್ಟೆಯ ಮೇಲೆ ಹತ್ತಿ ನಿಂತು, “ಹೂಂ, ಬಾ” ಎಂದಳು. ನಾನು ಬೆನ್ನು ಕೊಟ್ಟೆ.

ಅಕ್ಕ, ಅವಳು ಹೇಳಿದ್ದು ನಿಜ. ಮೂಟೆಯೇ ಬೇರೆ, ಅಮ್ಮನೇ ಬೇರೆ. ತಿರುವು ಬಂದರೆ ನನಗಿಂತ ಮೊದಲೇ ವಾಲುತ್ತಾಳೆ. ನನ್ನ ಕಿವಿಯ ಹತ್ತಿರವೇ ಬಾಯಿ, ದಾರಿಯುದ್ದಕ್ಕೂ ಮಾತು. “ಎಡಕ್ಕೆ, ಎಡಕ್ಕೆ, ಕಲ್ಲಿದೆ. ಏನೋ ಇದು ನಿನ್ನ ಕೂದಲು, ಬಾಯಿಗೆಲ್ಲ ಬರ್ತಿದೆ.” ಡ್ರಿಲ್ ಮೇಷ್ಟ್ರು ಕೂತ ಜಾಗ ದಾಟಿದ್ದೇ ತಿಳಿಯಲಿಲ್ಲ. ಮೈಯೆಲ್ಲ ಬೆವರು, ಆದರೂ ನನಗೆ ಹಿಗ್ಗೋ ಹಿಗ್ಗು. ಆಗುತ್ತದೆ, ಹಾಡು ಸುಳ್ಳಲ್ಲ, ಕತ್ತರಿಯ ಮುಂದೆ ಹೋಗಿ ಕೈಮುಗಿದು ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಆಗ ಅಮ್ಮ, “ಇಳಿಸೋ” ಎಂದಳು.

“ಯಾಕಮ್ಮ? ನನಗೇನೂ ಆಗಿಲ್ಲ.”

“ನಿನಗಾಗಿಲ್ಲ, ನನಗಾಗಿದೆ. ತೊಡೆ ಜೋಮು ಹಿಡಿದಿದೆ, ಸೊಂಟ ಬಿದ್ದುಹೋಗ್ತಿದೆ. ಕಷ್ಟ ಎಲ್ಲ ಹೊರೋನಿಗೇ ಅಂತ ನಿನಗೆ ಯಾರು ಹೇಳಿದ್ದು?”

ಇಳಿಸಿದೆ. ಅವಳು ಕಾಲು ಜಾಡಿಸಿ, ಕೋಲೂರಿಕೊಂಡು ನನ್ನ ಮುಂದೆ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೊತ್ತೆ. ಮತ್ತೆ ಇಳಿದಳು. ಹೀಗೇ ಏರು ಮುಗಿಯಿತು. ನಿಜ ಹೇಳಬೇಕೆಂದರೆ ಹೊರಿಸಿಕೊಂಡಿದ್ದಕ್ಕಿಂತ ನಡೆದದ್ದೇ ಹೆಚ್ಚು. ಒರತೆಯ ಪಕ್ಕ ಕೂತು ಬ್ರೆಡ್ಡು ತಿಂದೆವು. ಅವಳು ಚಪ್ಪಲಿ ಬಿಚ್ಚಿ ನೀರಿನಲ್ಲಿ ಕಾಲು ಬಿಟ್ಟಳು. ಬೆಳಗಿನ ಬಿಸಿಲಿನಲ್ಲಿ ಕಾಲು ಆಡಿಸುತ್ತಾ ಕೂತ ಅವಳನ್ನು ನೋಡಿ ನನಗೆ ಸಂತೋಷವಾಯಿತು. “ಹಾಗಾದ್ರೆ ಆ ಸಾಲು ಸುಳ್ಳೇ ಅಮ್ಮ. ಯಾವ ತಾಯಿಗೂ ಇಳಿಯದೆ ಬರೋಕಾಗಲ್ಲ” ಎಂದೆ. ಅವಳು ಚಪ್ಪಲಿಯೊಳಗೆ ಸೇರಿದ್ದ ಹರಳನ್ನು ಕೊಡವಿ ಹಾಕಿಕೊಂಡಳು.

ಇಳಿಜಾರನ್ನು ಪೂರ್ತಿ ನಡೆದೇ ಇಳಿದಳು. ನಮ್ಮ ಬೀದಿಯ ಮೊದಲ ಮನೆಯ ಮಾಡು ಕಂಡಾಗ ನಿಂತು, ತಲೆ ಸರಿಮಾಡಿಕೊಂಡು, ಕೋಲನ್ನು ನನ್ನ ಚೀಲಕ್ಕೆ ತುರುಕಿದಳು.

“ಈಗ ಎತ್ಕೋ.”

“ಇನ್ನೇನು ಮನೆ ಬಂತಲ್ಲಮ್ಮ.”

“ಅದಕ್ಕೇ ಹೇಳಿದ್ದು. ಎತ್ಕೋ.”

ಎತ್ತಿಕೊಂಡೆ. ಬೀದಿಯಲ್ಲಿ ಟೈಲರ್ ಹೊಲಿಗೆ ನಿಲ್ಲಿಸಿ ಎದ್ದು ಬಂದ. ನಲ್ಲಿಯ ಹತ್ತಿರ ಕೊಡ ತುಂಬಿ ಚೆಲ್ಲುತ್ತಿದ್ದರೂ ಯಾರೂ ತಿರುಗಿಸಲಿಲ್ಲ. ರಜೆಯಲ್ಲಿದ್ದ ನನ್ನ ಶಿಷ್ಯರೆಲ್ಲ ಹಿಂದೆ ಬಿದ್ದರು. ಕತ್ತರಿ ಬಾಚಣಿಗೆ ಹಿಡಿದು ಬಾಗಿಲಿಗೆ ಬಂದ, ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿ. ಅಮ್ಮ ನನ್ನ ಬೆನ್ನ ಮೇಲಿಂದ, ಇಡೀ ಬೀದಿಗೆ ಕೇಳುವ ಹಾಗೆ, “ನೋಡ್ಕೊಳ್ರಪ್ಪ! ಕೋಟೆ ಬಾಗಿಲಿಂದ ಇಲ್ಲೀವರೆಗೂ. ನೆಲ ಮುಟ್ಟಿಸಿಲ್ಲ ನನ್ನ ಮಗ!” ಎಂದಳು.

ನನ್ನ ನಾಲಿಗೆ ಒಣಗಿತು. ಬಾಯಿ ಬಿಟ್ಟರೆ ಎಲ್ಲರ ಮುಂದೆ ಅಮ್ಮ ಸುಳ್ಳುಗಾತಿ. ಬಿಡದಿದ್ದರೆ ನಾನು. ಕತ್ತರಿಯ ಕಣ್ಣಲ್ಲಿ ನೀರು ಬಂದಿತ್ತು. ನಾನು ಬಾಯಿ ಬಿಡದೆ ಹಾಗೇ ಮನೆಗೆ ಬಂದೆ.

“ಯಾಕಮ್ಮ ಹಾಗಂದೆ?” ಎಂದು ಕೇಳಿದರೆ, “ಏನಂದೆ?” ಎನ್ನುತ್ತಾಳೆ. ಇನ್ನೂ ಹಾಲು ಕುಡಿಯುವ ಮಗುವಿನ ಮುಖ.

ಈಗ ಏನು ಮಾಡಲಿ ಹೇಳು. ಊರಿನ ಪ್ರಕಾರ ನಾನೇ ಪರೀಕ್ಷೆ ಮಾಡಿ ಗೆದ್ದಿದ್ದೇನೆ, ಒಂಬತ್ತನ್ನು ಸೇರಿಸಬೇಕು. ಇಳಿಸಿದ್ದು ನನಗೆ ಗೊತ್ತು, ಸೇರಿಸಲಾರೆ. ನಿಜ ಬರೆದರೆ ಅಮ್ಮ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಕತ್ತರಿಯ ಅಂಗಡಿಯ ಕಡೆ ಇನ್ನೂ ಹೋಗಿಲ್ಲ. ಯಾವ ಮುಖ ಹೊತ್ತು ಹೋಗಲಿ?

ನಿನ್ನ ತಮ್ಮ

*

ಆಗಸ್ಟ್ ೨೩

ಚಿರಂಜೀವಿ ಮಗಳಿಗೆ,

ಅಮ್ಮ ಮಾಡುವ ಆಶೀರ್ವಾದ. ನಾನು ಆರಾಮ. ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತಬೇಡ.

ನಿನ್ನ ತಮ್ಮ ನಿನಗೆ ಏನೇನೋ ಬರೆದಿರುತ್ತಾನೆ. ನಂಬಬೇಡ. ಅವನಿಗೆ ಆವತ್ತು ಬಹಳ ಸುಸ್ತಾಗಿತ್ತು, ಸುಸ್ತಾದವರಿಗೆ ಸರಿಯಾಗಿ ನೆನಪಿರುವುದಿಲ್ಲ. ನಾನು ಆರಾಮಾಗಿ ಕೂತು ಬಂದವಳು, ನನಗೆ ಎಲ್ಲ ಚೆನ್ನಾಗಿ ನೆನಪಿದೆ. ಎಲ್ಲೂ ಇಳಿಸಲಿಲ್ಲ. ಚಿಕ್ಕಂದಿನಲ್ಲಿ ಒಂದು ಬಕೆಟ್ ನೀರು ಎತ್ತುವುದಕ್ಕೂ ಅಳುತ್ತಿದ್ದವನು ಈ ವಯಸ್ಸಿನಲ್ಲಿ ನನ್ನನ್ನು ಹೊತ್ತು ತಂದ. ನನಗೆ ಬಹಳ ಸಂತೋಷವಾಯಿತು. ಅದನ್ನು ಪುಸ್ತಕದಲ್ಲಿ ಹಾಕಬೇಕಾದವಳು ನೀನು, ಅದಕ್ಕೇ ನಿನಗೆ ಬರೆದೆ.

ಇನ್ನೊಂದು ವಿಷಯ. ಹೋದ ಸಲ ನೀನು ತಂದಿದ್ದ ಮುಲಾಮು ಖಾಲಿಯಾಗಿದೆ. ಎರಡೂ ಅಂಗಾಲಿನಲ್ಲಿ ಬೊಬ್ಬೆ ಎದ್ದು ಉರಿಯುತ್ತಿದೆ. ಒಂದು ಡಬ್ಬಿ ಬೇಗ ಕಳಿಸು.

ಅಮ್ಮ

*

ಸೆಪ್ಟೆಂಬರ್ ೩

ಪುಟ್ಟಾ,

ಮುಲಾಮು ಬೇರೆ ಪೊಟ್ಟಣದಲ್ಲಿ ಬರುತ್ತಿದೆ. ಅಂಗಾಲಿಗೆ ಹಚ್ಚುವ ಮೊದಲು ಬೆಚ್ಚಗಿನ ನೀರಲ್ಲಿ ತೊಳೆಯಲು ಹೇಳು. ಬೆನ್ನ ಮೇಲೆ ಕೂತು ಗುಡ್ಡ ದಾಟಿದವರಿಗೆ ಅಂಗಾಲಲ್ಲಿ ಬೊಬ್ಬೆ ಹೇಗೆ ಬಂತೆಂದು ಮಾತ್ರ ಕೇಳಬೇಡ. ನಾನೂ ಕೇಳಿಲ್ಲ.

ನಿನ್ನ ಕಾಗದ, ಅಮ್ಮನ ಕಾಗದ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಮಷೀನಿನವನು ಚಹಾ ತಂದುಕೊಟ್ಟು, “ಯಾವ್ದು ಸರಿ ಅಕ್ಕಾ?” ಎಂದು ಕೇಳಿದ. ನನಗೆ ನಗುವೂ ಬಂತು, ಅಳುವೂ ಬಂತು. ಹೆಚ್ಚು ಬಂದದ್ದು ಅಳು. ಅಮ್ಮ ಅಷ್ಟು ದೂರ ನಡೆದು, ಕೊನೆಗೆ ನಿನ್ನ ಬೆನ್ನೇರಿ, ನಿನ್ನದೇ ಡಂಗುರ ಸಾರಿದಳಲ್ಲ.

ಪುಟ್ಟಾ, ನೀನು ಇಷ್ಟು ವರ್ಷ ಒಂದು ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದೆ. ಆ ಹಾಡು ಮೊದಲು ಕಟ್ಟಿದವರು ಯಾರು? ಈಗ ನೋಡು. ಆವತ್ತು ಹೊರೆಯಣ್ಣ ಗುಡ್ಡ ಇಳಿದು ಬಂದಾಗ ಆ ಮೊದಲ ಸಾಲು ಯಾರ ಬಾಯಿಂದ ಬಂದಿರಬೇಕು? ಹೊತ್ತವನ ಬಾಯಿಂದಲ್ಲ. ಅವನಿಗೆ ನಿನ್ನ ಹಾಗೆ ನಾಲಿಗೆ ಒಣಗಿರುತ್ತದೆ. ಆಮೇಲೆ ಬಂದ ಕೂಲಿಗಳು ಯಾರೂ ಆಗ ಜೊತೆಗಿರಲಿಲ್ಲ. ಹಾಡು ಕಟ್ಟಿದವರನ್ನು ನೀನು ಕೋಟೆಯಲ್ಲಿ, ಒರತೆಯಲ್ಲಿ ಎಲ್ಲ ಹುಡುಕಿದೆ. ಅವರು ನಿನ್ನ ಬೆನ್ನ ಮೇಲಿದ್ದರು.

ಒಂಬತ್ತು ಇನ್ನೂ ನನ್ನ ಖಾನೆಯಲ್ಲೇ ಇದೆ. ಕೊನೆಯಲ್ಲಿ ನಾಲ್ಕು ಸಾಲಿಗೆ ಜಾಗ ಮಾಡಿದ್ದೇನೆ. ಸುಳ್ಳು ಬರೆಯಬೇಡ. ನಿನಗೆ ಗೊತ್ತಿರುವುದನ್ನೇ ಬರಿ.

ಅಕ್ಕ

*

ಸೆಪ್ಟೆಂಬರ್ ೧೨

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಅಂಗಳದಲ್ಲಿ ಬಹಳ ಹೊತ್ತು ಕೂತಿದ್ದೆ. ಅಮ್ಮ ಒಳಗಿನಿಂದ, “ಏನಂತೆ ಅವಳಿಗೆ?” ಎಂದು ಕೂಗಿದಳು. “ಮುಲಾಮು ಕಳಿಸಿದ್ದಾಳಂತೆ” ಎಂದೆ. ಇಷ್ಟು ವರ್ಷ ಊರೂರು ಅಲೆದದ್ದು ಸಾರ್ಥಕವಾಯಿತು ಅನ್ನಿಸಿತು, ಅಕ್ಕ. ತುಂಬಾ ಸಂತೋಷವಾಗಿದೆ, ಬೇರೆ ಮಾತು ತೋಚುತ್ತಿಲ್ಲ.

ಒಂಬತ್ತನೇ ಅಧ್ಯಾಯದ ಕೊನೆಗೆ ಇದನ್ನು ಸೇರಿಸು:

‘ತಾಯಿಯನ್ನು ಎಲ್ಲೂ ಇಳಿಸದೆ ಈ ಗುಡ್ಡ ದಾಟುವುದು ಬಹಳ ಕಷ್ಟ. ಅದನ್ನು ನಾನು ನಡೆದು ನೋಡಿ ಹೇಳುತ್ತಿದ್ದೇನೆ. ಆದರೆ ಆ ದಾರಿಯಲ್ಲಿ ಇದ್ದವರು ಇಬ್ಬರೇ. ಅವ್ವನ ಕಾಲು ನೆಲ ಕಂಡಿತೋ ಇಲ್ಲವೋ ಎಂಬುದನ್ನು ಅವ್ವನೇ ಹೇಳಬೇಕು. ಕಾಣಲಿಲ್ಲ ಎಂದು ಅವಳು ಹೇಳಿದಳು. ಈ ಹಾಡು ಅವಳದು ಎಂದು ನಾನು ನಂಬಿದ್ದೇನೆ.’

ಅಂಚೆಗೆ ಹಾಕುವ ಮೊದಲು ಇದನ್ನು ಕತ್ತರಿಯ ಅಂಗಡಿಗೆ ಒಯ್ದು ಓದಿ ಹೇಳಿದೆ. ಅವನು ಬ್ರಷ್ಷನ್ನು ಬಟ್ಟಲಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡ. ಮತ್ತೊಂದು ಸಲ ಓದಿ ಎಂದ. ಓದಿದೆ.

“ಮೇಷ್ಟ್ರೇ, ನಿಮ್ಮಮ್ಮ ದಾರೀಲಿ ಇಳಿದಿದ್ರಾ?” ಎಂದು ಕೇಳಿದ.

“ಅಮ್ಮನ್ನೇ ಕೇಳು” ಎಂದೆ.

“ಕೇಳಿದ್ದೆ. ಅದಾಗಿ ಎರಡ್ಮೂರು ದಿನಕ್ಕೆ ಮಗಳಿಗೆ ಕಾಗದ ಹಾಕು ಅಂತ ಕೊಡೋಕೆ ಬಂದಿದ್ರು. ನೆಲ ಮುಟ್ಟಿಸಲಿಲ್ಲ ಅಂದ್ರು.” ಬ್ರಷ್ಷನ್ನು ಕೆಳಗಿಟ್ಟು, “ಕುಂಟ್ತಾ ಇದ್ರು” ಎಂದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಕಣ್ಣೊರೆಸಿಕೊಂಡು, ಕುರ್ಚಿಗೆ ಒಂದು ಬಟ್ಟೆ ಬಡಿದು, “ಸೀಟು ಖಾಲಿ ಇದೆ, ಕೂತ್ಕೊಳ್ಳಿ. ಏನ್ರೀ ಇದು, ತಲೆ ಅಂತಾರಾ ಇದನ್ನ?” ಎಂದ. ಮೂರು ತಿಂಗಳ ಕೂದಲು ನೆಲಕ್ಕೆ ಬಿತ್ತು. ಕತ್ತರಿಸುತ್ತಾ ಹಾಡಿದ, ಮೊದಲಿಂದ ಕೊನೆಯವರೆಗೆ. ಪಲ್ಲವಿ ಬಂದಾಗೆಲ್ಲ ನಾನೂ ದನಿ ಸೇರಿಸಿದೆ. ಆಚೆ ಶಾಲೆಯ ಕಿಟಕಿಯಲ್ಲಿ ನಾಲ್ಕನೇ ತರಗತಿ ಪೂರ್ತಿ ನಿಂತಿತ್ತು.

ಇನ್ನೊಂದು ಮಾತು ಬರೆದು ಮುಗಿಸುತ್ತೇನೆ. ಸೇತುವೆಯ ಆಚೆಯ ಶಾಲೆಗೆ ನನ್ನನ್ನು ಒಂದು ದಿನವೂ ನೆಲಕ್ಕೆ ಬಿಡದೆ ಹೊತ್ತುಕೊಂಡು ಹೋದೆ ಎಂದು ಬರೆದಿದ್ದೆಯಲ್ಲ. ಸೇತುವೆ ದಾಟುವ ತನಕ ನಿನ್ನ ಬೆರಳು ಹಿಡಿದು ನಾನೇ ನಡೆಯುತ್ತಿದ್ದೆ, ಶಾಲೆಯ ಗೇಟು ಕಂಡಾಗ ನೀನು ಎತ್ತಿಕೊಳ್ಳುತ್ತಿದ್ದೆ. ನನಗೆ ಚೆನ್ನಾಗಿ ನೆನಪಿದೆ.

ಯಾರಾದರೂ ಕೇಳಿದರೆ, ನಮ್ಮಕ್ಕ ನನ್ನ ಕಾಲಿಗೆ ನೆಲ ತೋರಿಸಲಿಲ್ಲ ಎಂದೇ ಹೇಳುತ್ತೇನೆ.

ನಿನ್ನ ಪುಟ್ಟ